ದಿಕ್ಕು ಬದಲಿಸಿದ ಒಂದು ಪದ

ಇಂಗ್ಲಿಷಿನ 'ಡೈವರ್ಸ್' ಎಂಬ ವಿಶೇಷಣ ಇಂದು ಹೊಗಳಿಕೆಯ ಮಾತು. ಒಂದು ನಗರವನ್ನೋ ಕಾಲೇಜನ್ನೋ ಹಾಗೆ ಕರೆದರೆ ಅಲ್ಲಿನವರು ಹಿಗ್ಗುತ್ತಾರೆ. ನಾವೂ ಅದನ್ನು 'ವೈವಿಧ್ಯಮಯ' ಎಂದು ಕನ್ನಡಿಸಿಕೊಂಡು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಆದರೆ ಒಂದು ಕಾಲದಲ್ಲಿ ಇದು ಬೈಗುಳವೂ ಆಗಿತ್ತು ಎಂದರೆ ಹಲವರಿಗೆ ಅಚ್ಚರಿಯಾದೀತು.

ಪದದ ಮೂಲ ಲ್ಯಾಟಿನ್. 'ವೆರ್ತೆರೆ' ಎಂದರೆ ತಿರುಗಿಸು. ಅದಕ್ಕೆ 'ದಿಸ್' ಎಂಬ ಉಪಸರ್ಗ ಸೇರಿ 'ದಿವೆರ್ಸುಸ್' ಆಯಿತು. ಅಂದರೆ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದು. ಸಂಸ್ಕೃತದ 'ವೃತ್' ಧಾತು ಇದರ ದೂರದ ನೆಂಟ. ನಾವು ದಿನನಿತ್ಯ ಆಡುವ ವರ್ತನೆ, ಪರಿವರ್ತನೆಗಳು ಹುಟ್ಟಿದ್ದು ಅದರಿಂದಲೇ. ದಂಪತಿಗಳು ಬೇರೆ ದಾರಿ ಹಿಡಿಯುವ 'ಡೈವೋರ್ಸ್' ಕೂಡ ಇದೇ ಲ್ಯಾಟಿನ್ ಮನೆಯದು. 'ಯೂನಿವರ್ಸಿಟಿ'ಯೂ ಅಷ್ಟೇ. ಅದರ ಬೇರು 'ಒಂದಾಗಿ ತಿರುಗಿದ್ದು' ಎಂಬ ಪದದಲ್ಲಿದೆ.

ಬೇರೆ ಕಡೆಗೆ ತಿರುಗುವುದರಲ್ಲಿ ತಪ್ಪೇನಿದೆ? ಆದರೆ ನೋಡುವವನು ತನ್ನ ದಾರಿಯೊಂದೇ ನೇರವೆಂದು ನಂಬಿದರೆ, ತಿರುಗಿದವನು ದಾರಿ ತಪ್ಪಿದವನಾಗಿ ಕಾಣುತ್ತಾನೆ. ಈ ಪದಕ್ಕೂ ಅದೇ ಆಯಿತು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ವಿಚಿತ್ರ, ದುಷ್ಟ, ಕ್ರೂರ ಎಂಬ ಅರ್ಥಗಳೂ ಅಂಟಿಕೊಂಡವು. 1300ರ ಸುಮಾರಿಗೆ ಇಂಗ್ಲಿಷಿಗೆ ಬಂದ ಪದ ಅಲ್ಲಿಯೂ ಈ ಕಳಂಕವನ್ನು ಹೊತ್ತಿತು. 17ನೇ ಶತಮಾನದ ಹೊತ್ತಿಗೆ ಆ ಅರ್ಥ ಬಳಕೆಯಿಂದ ಜಾರಿಹೋಯಿತು.

ಭಿನ್ನತೆ ರಾಜಕೀಯದಲ್ಲಿ ರಕ್ಷಣೆಯೂ ಆಗಬಲ್ಲದು ಎಂಬ ವಿಚಾರ ಬಲಗೊಂಡದ್ದು ಅದರ ನಂತರ. 1787ರಲ್ಲಿ ಅಮೆರಿಕದ ಜೇಮ್ಸ್ ಮ್ಯಾಡಿಸನ್, ಹಲವು ಪಕ್ಷ-ಹಿತಾಸಕ್ತಿಗಳಿರುವ ದೊಡ್ಡ ದೇಶದಲ್ಲಿ ಬಹುಸಂಖ್ಯಾತರು ಒಟ್ಟುಗೂಡಿ ಉಳಿದವರ ಹಕ್ಕುಗಳನ್ನು ತುಳಿಯುವುದು ಕಷ್ಟ ಎಂದು ವಾದಿಸಿದರು. 1978ರಲ್ಲಿ ಬಕಿ ಪ್ರಕರಣದಲ್ಲಿ ನ್ಯಾಯಮೂರ್ತಿ ಪೊವೆಲ್, ವಿದ್ಯಾರ್ಥಿಗಳ ವೈವಿಧ್ಯ ವಿಶ್ವವಿದ್ಯಾಲಯವೊಂದರ ನ್ಯಾಯವಾದ ಗುರಿ ಎಂದರು. 2023ರಲ್ಲಿ ಅದೇ ಸುಪ್ರೀಂ ಕೋರ್ಟ್, ಹಾರ್ವರ್ಡ್ ಪ್ರಕರಣದಲ್ಲಿ, ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಪದದ ಪಯಣ ಇನ್ನೂ ಮುಗಿದಿಲ್ಲ.

ನಮ್ಮ ಭಾಷೆಗಳೇನೂ ಇದಕ್ಕೆ ಹೊರತಲ್ಲ. ಉರ್ದು ತರಗತಿಯಲ್ಲಿ ನಾನು ಕಲಿತ 'ಮುಖ್ತಲಿಫ್' ಎಂದರೆ ಬೇರೆ, 'ಖಿಲಾಫ್' ಎಂದರೆ ವಿರುದ್ಧ. ಎರಡೂ ಒಂದೇ ಅರಬಿ ಧಾತುವಿನ ಮಕ್ಕಳು. ಕನ್ನಡ ತರಗತಿಯಲ್ಲಿ ಕಲಿತ 'ಭಿನ್ನ'ಕ್ಕೆ ಬೇರೆ ಎಂಬ ಅರ್ಥವೂ ಉಂಟು, ಒಡೆದದ್ದು ಎಂಬ ಅರ್ಥವೂ ಉಂಟು. ಗಣಿತದ ಮೇಷ್ಟ್ರು ಭಿನ್ನರಾಶಿ ಹೇಳಿಕೊಡುವಾಗ ಮನಸ್ಸಿಗೆ ಬರುತ್ತಿದ್ದುದು ತುಂಡು ರೊಟ್ಟಿಯ ಚಿತ್ರವೇ.

ಅಂದರೆ ಬೇರೆಯವರನ್ನು ಕಂಡಾಗ ಹುಟ್ಟುವ ಅಳುಕು ಎಲ್ಲ ಭಾಷೆಗಳ ಒಳಗೂ ಕೂತಿದೆ. ಆದರೆ ಒಂದು ಪದ ಬೈಗುಳದಿಂದ ಬಿಡಿಸಿಕೊಂಡು ಬಂದದ್ದನ್ನು ಚರಿತ್ರೆ ತೋರಿಸಿದೆ. ಪದವನ್ನು ಹಾಗೆ ತಿರುಗಿಸಿದವರು ಅದನ್ನು ಆಡಿದ ಸಾಮಾನ್ಯ ಜನ. 'ಅವರು ನಮಗಿಂತ ಬೇರೆ' ಎನ್ನುವಾಗ ನಮ್ಮ ದನಿಯಲ್ಲಿ ಯಾವ ಅರ್ಥ ಇರಬೇಕೆಂಬುದೂ ನಮ್ಮ ಕೈಯಲ್ಲೇ ಇದೆ.