ಜೇಜುರಿಯ ಚೆಂಡು ಹೂವು ಎಷ್ಟು ಹಳೇದು?

ಪುಣೆಯಲ್ಲಿ ಕೆಲಸ ಮಾಡೋ ನಮ್ಮಲ್ಲಿ ಬಹಳ ಜನ ಒಂದಲ್ಲ ಒಂದು ಭಾನುವಾರ ಜೇಜುರಿ ನೋಡಿರ್ತೀವಿ. ಅಲ್ಲಿ "ಯಳಕೋಟ್ ಯಳಕೋಟ್" ಅನ್ನೋ ಕೂಗು ಕೇಳಿದ ತಕ್ಷಣ ನಮ್ಮ ಕಡೆಯವರಿಗೆ ಮೈಲಾರದ "ಏಳುಕೋಟಿ" ನೆನಪಾಗುತ್ತೆ. ಖಂಡೋಬಾ ಅಂದ್ರೆ ನಮ್ಮ ಮೈಲಾರಲಿಂಗನೇ. ಆ ಸಂಬಂಧದ ಬಗ್ಗೆ ಇನ್ನೊಂದು ಸಲ ಮಾತಾಡೋಣ. ಇವತ್ತಿನ ವಿಷಯ ಭಂಡಾರದ ಜೊತೆಗೇ ಕಣ್ಣಿಗೆ ಬೀಳೋ ಚೆಂಡು ಹೂವು.

ಅರಿಶಿನ ಈ ನೆಲದ್ದೇ. ಚೆಂಡು ಹೂವು ಅಲ್ಲ. ಅದು ಮೆಕ್ಸಿಕೋದ್ದು, 1500ರ ನಂತರ ಹಡಗು ಹತ್ತಿ ಬಂದಿದ್ದು. ನಮ್ಮ ಮೈಲಾರ ಇರೋದು ಹೂವಿನಹಡಗಲಿ ತಾಲ್ಲೂಕಿನಲ್ಲಿ. ಅಲ್ಲಿಂದ ವಿಜಯನಗರಕ್ಕೆ ದೋಣಿಯಲ್ಲಿ ಹೂ ಹೋಗ್ತಿತ್ತು ಅಂತ ಐತಿಹ್ಯ. 1336ರಲ್ಲಿ ಹುಟ್ಟಿದ ಆ ರಾಜ್ಯದ ಮೊದಲ ನೂರೈವತ್ತು ವರ್ಷ ಆ ದೋಣಿಗಳಲ್ಲಿ ಏನೇ ಇದ್ದಿರಲಿ, ಚೆಂಡು ಹೂವಂತೂ ಇರಲಿಲ್ಲ!

ಹೆಸರು ನೋಡಿ. ಕನ್ನಡದಲ್ಲಿ ಚೆಂಡು, ಮರಾಠಿಯಲ್ಲಿ ಝೆಂಡು, ಹಿಂದಿಯ ಗೇಂದಾದಲ್ಲೂ ಚೆಂಡೇ ಇದೆ. ಆದರೆ ಕಾಡು ಗಿಡದ ಹೂವು ಚೆಂಡಿನ ಹಾಗಿರಲ್ಲ. ನಾವು ಎಸಳು ಅನ್ನೋ ಒಂದೊಂದೂ ನಿಜಕ್ಕೂ ಒಂದು ಸಣ್ಣ ಹೂವು. ಕಾಡು ಗಿಡದಲ್ಲಿ ಅಂಚಿಗೆ ಒಂದು ಸುತ್ತು ಎಸಳು, ನಡುವೆ ಕೊಳವೆಯಂಥ ಹೂಗಳು. ಎಲ್ಲೋ ಒಂದು ಗಿಡದಲ್ಲಿ ನಡುವಿನವೂ ಎಸಳಾಗಿಬಿಡ್ತವೆ. ಅಂಥ ವಿಚಿತ್ರ ಹೂವಿನ ಬೀಜವನ್ನೇ ಯಾರೋ ಎತ್ತಿಟ್ಟು, ಮತ್ತೆ ಬಿತ್ತಿ, ಮತ್ತೆ ಆರಿಸಿದ್ದರಿಂದ ಚೆಂಡು ಆಯ್ತು. ಮೆಕ್ಸಿಕೋದ ನಾವಾಟ್ಲ್ ಭಾಷೆಯಲ್ಲಿ ಇದರ ಹೆಸರಿಗೆ "ಇಪ್ಪತ್ತು ಹೂವು" ಅಂತ ಅರ್ಥ. ಹಾಗಾಗಿ ಈ ಆರಿಸೋ ಕೆಲಸ ಅಲ್ಲೇ ಶುರುವಾಗಿತ್ತು ಅಂತ ನನ್ನ ಅಂದಾಜು.

ಈ ಆರಿಸೋ ಹುಚ್ಚಿಗೆ ಒಂದು ಒಳ್ಳೆ ಕಥೆ ಇದೆ. ಅಮೆರಿಕದ ಬರ್ಪೀ ಬೀಜದ ಕಂಪನಿ 1954ರಲ್ಲಿ ಬಿಳಿ ಚೆಂಡು ಹೂವು ತಂದುಕೊಟ್ಟವರಿಗೆ 10,000 ಡಾಲರ್ ಬಹುಮಾನ ಅಂತ ಸಾರಿತು. 1975ರಲ್ಲಿ ಗೆದ್ದದ್ದು ವಿಜ್ಞಾನಿ ಅಲ್ಲ, ಅಯೋವಾದ ಆಲಿಸ್ ವಾಂಕ್ ಅನ್ನೋ ಮನೆತೋಟದ ಹೆಂಗಸು. ವರ್ಷ ವರ್ಷ ಎಲ್ಲಕ್ಕಿಂತ ತಿಳಿ ಬಣ್ಣದ ಹೂವಿನ ಬೀಜ ಮಾತ್ರ ಉಳಿಸ್ತಾ ಹೋದರು, ಅಷ್ಟೇ. (ಆ ಬಿಳಿ ಹೂವನ್ನ ಹಳದಿ ಜೇಜುರಿಗೆ ತಂದರೆ ಯಾರು ಕೊಳ್ತಾರೋ ಗೊತ್ತಿಲ್ಲ.)

ಮನುಷ್ಯ ಎರಡು ಜಾತಿಗಳನ್ನೂ ಬೆರೆಸಿದ. ಎತ್ತರದ ಚೆಂಡು ಹೂವಿಗೆ 24 ಕ್ರೋಮೋಸೋಮ್, ಗಿಡ್ಡ ಫ್ರೆಂಚ್ ಜಾತಿಗೆ 48. ಕೂಡಿದರೆ ಮಗುವಿಗೆ 36. ಅದಕ್ಕೆ ಬೀಜ ಕಟ್ಟಲ್ಲ, ಅದಕ್ಕೇ ಬಿಡುವಿಲ್ಲದೆ ಹೂ ಬಿಡ್ತಾ ಇರುತ್ತೆ.

ಇವತ್ತು ಮಾರುಕಟ್ಟೆಗೆ ಬರೋ ದಪ್ಪ ದಪ್ಪ ಹೈಬ್ರಿಡ್ ಚೆಂಡುಗಳ ತಾಯಿಯನ್ನ ಒಮ್ಮೆ ನೋಡಬೇಕು. ಎಸಳೂ ಇಲ್ಲ, ಪರಾಗವೂ ಇಲ್ಲ. ಒಂದು ಹಿಡಿ ಒಣ ದಾರದಂಥ ಕುರೂಪಿ ಹೂವು. ದೇವರಿಗೆ ಇರಲಿ, ಬಾಗಿಲಿಗೂ ಯಾರೂ ಕಟ್ಟಲ್ಲ. ಆದರೆ ಸ್ವಂತ ಪರಾಗ ಇಲ್ಲದ್ದರಿಂದ ಪಕ್ಕದ ಸಾಲಿನ ತಂದೆ ಗಿಡದ ಪರಾಗವನ್ನೇ ಅದು ತಗೋಬೇಕು, ಹಾಗಾಗಿ ಸಿಗೋ ಬೀಜವೆಲ್ಲ ಮಿಶ್ರತಳಿ. ಈ ತಾಯಿ ಸಾಲಲ್ಲಿ ಮೊಳೆತ ಗಿಡಗಳಲ್ಲಿ ಅರ್ಧ ಮಾತ್ರ ಹೀಗಿರ್ತವೆ. ಉಳಿದರ್ಧವನ್ನ ಮೊದಲ ಹೂ ಅರಳುತ್ತಲೇ ಗುರುತಿಸಿ ಕೈಯಲ್ಲೇ ಕಿತ್ತು ಹಾಕ್ತಾರೆ. ಬೀಜ ದುಬಾರಿ ಆಗೋದಕ್ಕೆ ಇದೂ ಒಂದು ಕಾರಣ.

ರೈತನ ಪಾಡು ಇಲ್ಲಿದೆ. ಒಣಗಿದ ಚೆಂಡನ್ನ ಉಜ್ಜಿ ಮುಂದಿನ ವರ್ಷಕ್ಕೆ ಬೀಜ ಮಾಡೋದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿತ್ತು. ಹೈಬ್ರಿಡ್ ಚೆಂಡಿಗೆ ಹಾಗೆ ಮಾಡಿದರೆ ಮಕ್ಕಳು ಒಂದೊಂದು ಥರ ಬರ್ತವೆ: ಕೆಲವು ದಪ್ಪ, ಕೆಲವು ಒಂದೇ ಸುತ್ತಿನ ಎಸಳು. ದಸರಾದ ಹಿಂದಿನ ದಿನ ಅಂಥ ಬುಟ್ಟಿಗೆ ಬೆಲೆ ಸಿಗಲ್ಲ. ದೆಹಲಿಯ ಪೂಸಾ ಸಂಸ್ಥೆ "ಕ್ರ್ಯಾಕರ್ ಜ್ಯಾಕ್" ಮತ್ತು "ಗೋಲ್ಡನ್ ಜುಬಿಲಿ" ಬೆರೆಸಿ, ಆರಿಸಿ, ಸ್ಥಿರ ಮಾಡಿದ "ಪೂಸಾ ನಾರಂಗಿ ಗೇಂದಾ"ದಂಥ ತಳಿಯಾದರೆ ಬೀಜ ಉಳಿಸ್ಕೋಬಹುದು, ಪಕ್ಕದ ಹೊಲದ ಹೈಬ್ರಿಡ್‌ನಿಂದ ಜೇನುನೊಣ ಪರಾಗ ಹೊತ್ತು ತರದೇ ಇದ್ದರೆ.