ಮೇವಿನೊಳಗಣ ಗುರುತು

ಮೆಲುಕು ಹಾಕುವ ಪಶುವು ತಿಂದ ಮೇವಿನಲ್ಲಿ ಎಷ್ಟು ಭಾಗ ಜೀರ್ಣವಾಯಿತೆಂದು ತಿಳಿಯಲು ಮೊದಲಿಗೆ ಒಂದೇ ಮಾರ್ಗವಿದ್ದಿತು: ಹಾಕಿದ ಮೇವನ್ನೂ ಬಿದ್ದ ಸಗಣಿಯನ್ನೂ ದಿನಗಟ್ಟಲೆ ತೂಗುವುದು. ಜರ್ಮನಿಯ ವೇಂಡೆ ಪ್ರಯೋಗಕೇಂದ್ರದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ನರು 1860ರ ದಶಕದಲ್ಲಿ ಹೀಗೆಯೇ ದುಡಿದರು. ಕಟ್ಟಿಹಾಕಿದ ಎತ್ತಿಗೆ ಇದು ಸಾಕು. ಬಯಲಿನಲ್ಲಿ ಮೇಯುವ ಪಶು ತಿಂದುದನ್ನು ತೂಗುವವರಾರು?

1874ರಲ್ಲಿ ವಿಲ್ಟ್ ಎಂಬ ವಿದ್ವಾಂಸನು ಕುರಿಗಳಲ್ಲಿ ಬೇರೊಂದು ಮಾರ್ಗವನ್ನು ಪರೀಕ್ಷಿಸಿದನು. ಮೇವಿನಲ್ಲಿ ಸಹಜವಾಗಿರುವ ಸಿಲಿಕಾ ಜೀರ್ಣವಾಗದೆ ಹೊರಬೀಳುವುದಾದರೆ, ಉಳಿದ ಅಂಶಗಳು ಮೈಗೆ ಹತ್ತಿದಷ್ಟೂ ಹಿಕ್ಕೆಯಲ್ಲಿ ಅದರ ಪ್ರಮಾಣ ಏರಬೇಕು. ಒಣಮೇವಿನಲ್ಲಿ ಅದು ಶೇಕಡಾ 2, ಒಣಹಿಕ್ಕೆಯಲ್ಲಿ 5 ಇದ್ದರೆ, ಹೊರಬಂದುದು ತಿಂದುದರ ಐದರಲ್ಲಿ ಎರಡು ಪಾಲು. ಜೀರ್ಣವಾದುದು ಶೇಕಡಾ 60. ತಕ್ಕಡಿಯ ಕೆಲಸ ತಪ್ಪಿತು. ಎರಡು ಮಾದರಿಗಳು ಸಾಕು.

ಲೆಕ್ಕ ಸುಲಭ, ಪಶು ಸುಲಭವಲ್ಲ. ಸಿಲಿಕಾದ ಒಂದಂಶ ಮೂತ್ರದಲ್ಲಿ ಹೋಗುವುದು. ಹುಲ್ಲಿನೊಡನೆ ಮಣ್ಣೂ ಹೊಟ್ಟೆ ಸೇರುವುದು. ಮೊದಲನೆಯದು ಜೀರ್ಣತೆಯನ್ನು ತಗ್ಗಿಸಿ ತೋರಿಸಿದರೆ ಎರಡನೆಯದು ಹಿಗ್ಗಿಸುತ್ತದೆ. ಆಮೇಲೆ ನೆಚ್ಚಿದ ಲಿಗ್ನಿನ್ ಸಹ ಎಳೆಹುಲ್ಲಿನಲ್ಲಿ ಕೈಕೊಟ್ಟಿತು. 1977ರಲ್ಲಿ ವಾನ್ ಕ್ಯೂಲೆನ್ ಮತ್ತು ಯಂಗ್ ಎಂಬವರು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗದ ಬೂದಿಯನ್ನು ಗುರುತಾಗಿ ಹಿಡಿದು, ಕುರಿಗಳಲ್ಲಿ, ಪೂರ್ಣ ತೂಕದ ವಿಧಾನಕ್ಕೆ ಸರಿಹೊಂದುವ ಅಂಕಿಗಳನ್ನು ಪಡೆದರು. ಆ ಬೂದಿಯ ಬಹುಪಾಲು ಸಿಲಿಕಾವೇ! ಆದುದರಿಂದ ವಿಲ್ಟನ ಯತ್ನವನ್ನು ವಿಫಲವೆಂದು ಗಣಿಸುವುದು ನನಗೆ ಸರಿದೋರದು. ಬಯಲಿನ ಮಣ್ಣಿನ ತೊಡಕು ಮಾತ್ರ ಹೊಸ ವಿಧಾನಕ್ಕೂ ತಪ್ಪಿಲ್ಲ.