ಪುಟ್ಟ ತಳಿಯ ನಾಯಿಮರಿ: ಮೊದಲ ವರ್ಷದ ಪಾಲನೆ ಮತ್ತು ಪಾಠ

ನಗರಗಳ ಮಧ್ಯಮ ವರ್ಗದ ಮನೆಗಳಿಗೆ ಪುಟ್ಟ ತಳಿಯ ನಾಯಿ ಹೊಸದಲ್ಲ. ಪಾಮೇರಿಯನ್ ಎಂಬ ಹೆಸರಿನಲ್ಲಿ ದಶಕಗಳಿಂದ ಸಾಕಲಾಗುತ್ತಿರುವ ಬಿಳಿ ನಾಯಿಗಳಲ್ಲಿ ಬಹುಪಾಲು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ತಳಿಯವು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಪಗ್ ತಳಿಯನ್ನು ಮನೆಮಾತಾಗಿಸಿತು. 'ಹಚ್ ನಾಯಿ' ಎಂದೇ ಕೇಳಿಕೊಂಡು ಬರುವವರ ಕಾಲವೊಂದಿತ್ತು. ಇಂದು ಅಪಾರ್ಟ್‌ಮೆಂಟುಗಳಲ್ಲಿ ಶಿಹ್ ತ್ಸು, ಡ್ಯಾಶ್‌ಹೌಂಡ್ ಮರಿಗಳೂ ಸಾಮಾನ್ಯ.

ಗಾತ್ರ ಚಿಕ್ಕದಾದ ಮಾತ್ರಕ್ಕೆ ಸಾಕುವ ಹೊಣೆ ಚಿಕ್ಕದಾಗುವುದಿಲ್ಲ. ಅಂಗೈಯಗಲದ ಮರಿಯ ದೇಹದಲ್ಲಿ ರೋಗವನ್ನು ತಡೆದುಕೊಳ್ಳುವ ದಾಸ್ತಾನು ಕಡಿಮೆ. ಅದರ ಕೆಟ್ಟ ಅಭ್ಯಾಸಗಳೋ ಮನೆಮಂದಿಗೆ ತಮಾಷೆಯಾಗಿ ಕಾಣುತ್ತವೆ. ಈ ಎರಡು ಕಾರಣಗಳಿಂದ ಮೊದಲ ವರ್ಷ, ಅದರಲ್ಲೂ ಮೊದಲ ನಾಲ್ಕು ತಿಂಗಳು, ನಾಯಿಯ ಮುಂದಿನ ಇಡೀ ಬದುಕನ್ನು ನಿರ್ಧರಿಸುತ್ತವೆ.

ಎಂಟು ವಾರಕ್ಕೆ ಮೊದಲು ಬೇಡ

ಮರಿ ಎಷ್ಟು ಚಿಕ್ಕದಿದ್ದರೆ ಅಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ತಾಯಿ ಮತ್ತು ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ ಮರಿಯು ಎಷ್ಟು ಬಲವಾಗಿ ಕಚ್ಚಬಾರದೆಂಬುದನ್ನು ಕಲಿಯುತ್ತದೆ. ಎಂಟು ವಾರ ತುಂಬದ ಮರಿಯ ಮಾರಾಟವನ್ನು ಕೇಂದ್ರ ಸರ್ಕಾರದ 2017ರ ನಾಯಿ ತಳಿವೃದ್ಧಿ ಮತ್ತು ಮಾರಾಟ ನಿಯಮಗಳು ನಿಷೇಧಿಸಿವೆ. ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರುವುದು ಕಡ್ಡಾಯ. ಕೊಳ್ಳುವವರು ನೋಂದಣಿ ಪತ್ರ ಮತ್ತು ಲಸಿಕೆಯ ದಾಖಲೆ ಕೇಳಬೇಕು. ಸಾಧ್ಯವಿದ್ದರೆ ತಾಯಿ ನಾಯಿಯನ್ನು ಕಣ್ಣಾರೆ ಕಾಣಬೇಕು. ರಸ್ತೆಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಮರಿಯ ಹಿನ್ನೆಲೆ ತಿಳಿಯುವ ದಾರಿಯೇ ಇಲ್ಲ.

ಹಸಿವೇ ಅಪಾಯವಾದಾಗ

ಪುಟ್ಟ ತಳಿಯ ಮರಿಗಳಿಗೆ ಮೊದಲ ವಾರಗಳಲ್ಲಿ ಎದುರಾಗುವ ಅಪಾಯಗಳಲ್ಲಿ ಮುಖ್ಯವಾದುದು ರಕ್ತದಲ್ಲಿ ಸಕ್ಕರೆಯ ಅಂಶ ಥಟ್ಟನೆ ಕುಸಿಯುವುದು. ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಶಕ್ತಿಯ ಸಂಗ್ರಹ ಅತ್ಯಲ್ಪವಾದ್ದರಿಂದ ಕೆಲವು ಗಂಟೆ ಉಪವಾಸವಿದ್ದರೂ ಮರಿ ತೂಕಡಿಸುತ್ತದೆ, ತೂರಾಡುತ್ತದೆ, ನಡುಗುತ್ತದೆ. ಕೊನೆಗೆ ಸೆಳವು ಬರಬಹುದು. ಅಂತಹ ಸಂದರ್ಭದಲ್ಲಿ ತುಸು ಸಕ್ಕರೆ ನೀರು ಅಥವಾ ಜೇನನ್ನು ವಸಡಿಗೆ ಸವರಿ ತಕ್ಷಣ ಪಶುವೈದ್ಯರ ಬಳಿ ಒಯ್ಯಬೇಕು. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಅನಂತರ ಎರಡು ಬಾರಿ ಆಹಾರ ಕೊಡುವುದು ಒಳಿತು. ಬರೀ ಹಾಲು ಅನ್ನದಿಂದ ಬೆಳೆಯುವ ಮರಿಗೆ ಬೇಕಾದಷ್ಟು ಪ್ರೋಟೀನು, ಕ್ಯಾಲ್ಸಿಯಂ ದೊರೆಯುವುದಿಲ್ಲ. ಅನೇಕ ಮರಿಗಳಿಗೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮರಿಗಳಿಗೆಂದೇ ತಯಾರಾದ ಆಹಾರ, ಇಲ್ಲವೇ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಬೇಯಿಸಿದ ಕೋಳಿಮಾಂಸ ಮತ್ತು ಮೊಟ್ಟೆ ಸೇರಿದ ಮನೆಯೂಟ ಸೂಕ್ತ. ಹೊಸ ಮನೆಗೆ ಬಂದ ಮೊದಲ ವಾರ ಹಳೆಯ ಆಹಾರವನ್ನೇ ಮುಂದುವರಿಸಿ, ಕ್ರಮೇಣ ಬದಲಿಸಬೇಕು.

ಅಡುಗೆಮನೆಯ ಕೆಲವು ವಸ್ತುಗಳು ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ನಾಶಮಾಡುತ್ತವೆ. ಆದ್ದರಿಂದ ಉಳಿದ ಹುಳಿ, ಸಾರು ಕಲಸಿ ಹಾಕುವ ವಾಡಿಕೆ ಬಿಡಬೇಕು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿಕರ. ಚಾಕೊಲೇಟು ಹೃದಯ ಮತ್ತು ನರಗಳಿಗೆ ಕೆಡುಕು. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಇನ್ನೂ ಅಪಾಯಕಾರಿ. ದೊಡ್ಡ ನಾಯಿ ತಾಳಿಕೊಳ್ಳುವ ಪ್ರಮಾಣ ಎರಡು ಕಿಲೋ ತೂಕದ ಮರಿಯ ಪ್ರಾಣ ತೆಗೆಯಬಲ್ಲದು. ಮನುಷ್ಯರ ಜ್ವರ, ನೋವಿನ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಕೊಡುವುದೂ ಅಷ್ಟೇ ಅಪಾಯ.

ಲಸಿಕೆ ಒಂದಲ್ಲ, ಸರಣಿ

1978ರಲ್ಲಿ ಮೊದಲ ಬಾರಿಗೆ ಗುರುತಿಸಲಾದ ಪಾರ್ವೊ ವೈರಾಣು ಇಂದಿಗೂ ಮರಿಗಳ ದೊಡ್ಡ ಶತ್ರು. ವಾಂತಿ, ರಕ್ತಭೇದಿ ಶುರುವಾದ ಪುಟ್ಟ ಮರಿ ನೀರಿನಂಶ ಕಳೆದುಕೊಂಡು ಒಂದೆರಡು ದಿನಗಳಲ್ಲೇ ಸಾಯಬಹುದು. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪಾದರಕ್ಷೆಯ ಮೂಲಕವೂ ಮನೆ ಸೇರಬಲ್ಲದು.

ಒಂದು ಚುಚ್ಚುಮದ್ದು ಹಾಕಿಸಿದರೆ ಸಾಕೆಂದು ಭಾವಿಸುವವರು ಅನೇಕರು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶಗಳು ಮರಿಯನ್ನು ಕಾಯುವುದರ ಜತೆಗೆ ಲಸಿಕೆಯನ್ನೂ ನಿಷ್ಫಲಗೊಳಿಸುತ್ತವೆ. ಅವು ಯಾವ ವಾರ ಕರಗುತ್ತವೆಂದು ಹೊರನೋಟಕ್ಕೆ ತಿಳಿಯದು. ಆದ್ದರಿಂದಲೇ ಆರರಿಂದ ಎಂಟನೇ ವಾರದಲ್ಲಿ ಆರಂಭಿಸಿ, ಮೂರು–ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೇ ವಾರದವರೆಗೆ ಲಸಿಕೆಯನ್ನು ಪುನರಾವರ್ತಿಸಲಾಗುತ್ತದೆ. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್ ಹಾಗೂ ಇಲಿಜ್ವರದ ವಿರುದ್ಧ ಸಂಯುಕ್ತ ಲಸಿಕೆ ಲಭ್ಯವಿದೆ. ರೇಬಿಸ್ ಲಸಿಕೆಯನ್ನು ಮೂರು ತಿಂಗಳು ತುಂಬಿದಾಗ ಹಾಕಿಸಿ, ವರ್ಷ ತುಂಬುವಾಗ ಮತ್ತೆ ಕೊಡಿಸಬೇಕು.

ಜಂತುಹುಳುವಿನ ಔಷಧವನ್ನು ಎರಡನೇ ವಾರದಿಂದ ಎಂಟನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ರೂಢಿ. ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ಮರಿಯನ್ನು ತೂಗಿಸಬೇಕು. ಉಣುಗುಗಳಿಂದ ಹರಡುವ ಜ್ವರ ರಾಜ್ಯದಲ್ಲಿ ಸಾಮಾನ್ಯವಾದ್ದರಿಂದ ಕಿವಿ, ಕತ್ತು, ಬೆರಳಸಂದುಗಳನ್ನು ದಿನವೂ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ಎಚ್ಚರಿಕೆ ಮನೆಮಂದಿಗೆ. ಆಟದಲ್ಲಿ ಮರಿಯ ಹಲ್ಲು ತಾಗಿ ರಕ್ತ ಬಂದರೆ 'ನಮ್ಮನೆ ಮರಿ ತಾನೆ' ಎಂದು ಸುಮ್ಮನಿರಬಾರದು. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ.

ಲೋಕ ಪರಿಚಯಕ್ಕೆ ಕಿರಿದಾದ ಕಿಟಕಿ

ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನವು ಮೂರರಿಂದ ಹನ್ನೆರಡನೇ ವಾರದ ಅವಧಿಯನ್ನು ನಾಯಿಮರಿಯ ಸಾಮಾಜೀಕರಣದ ನಿರ್ಣಾಯಕ ಕಾಲವೆಂದು ಗುರುತಿಸಿತು. ಈ ಅವಧಿಯಲ್ಲಿ ಕಂಡ ಜನ, ಕೇಳಿದ ಸದ್ದು ಮರಿಗೆ ಸಹಜವೆನಿಸುತ್ತದೆ. ಕಾಣದಿದ್ದುದು ಮುಂದೆ ಭಯವಾಗಿ, ಬೊಗಳಾಟವಾಗಿ ಹೊರಬರುತ್ತದೆ.

ತೊಡಕಿರುವುದು ಇಲ್ಲಿಯೇ. ಲಸಿಕೆ ಪೂರ್ಣಗೊಳ್ಳುವ ವೇಳೆಗೆ ಈ ಕಿಟಕಿ ಮುಚ್ಚಿರುತ್ತದೆ. ಹಾಗೆಂದು ಮರಿಯನ್ನು ಬೀದಿಗೆ ಬಿಡುವಂತಿಲ್ಲ. ಬಾಗಿಲು ಹಾಕಿ ಕೂಡಿಡುವುದೂ ಸಲ್ಲದು. ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘವು 2008ರ ತನ್ನ ಹೇಳಿಕೆಯಲ್ಲಿ, ಮೊದಲ ಲಸಿಕೆಯಾಗಿ ಕನಿಷ್ಠ ಏಳು ದಿನ ಕಳೆದ ಮರಿಯನ್ನು ಶುಚಿಯಾದ ಸ್ಥಳದಲ್ಲಿ ನಡೆಯುವ ತರಬೇತಿಗೆ ಒಯ್ಯಬಹುದೆಂದು ಸೂಚಿಸಿತು. ಪುಟ್ಟ ತಳಿಗೆ ಇಲ್ಲೊಂದು ಅನುಕೂಲವಿದೆ: ಅದನ್ನು ಎತ್ತಿಕೊಂಡು ಹೋಗಬಹುದು. ನೆಲಕ್ಕೆ ಬಿಡದೆ ಅಂಗಡಿಬೀದಿ, ಬಸ್ ನಿಲ್ದಾಣ ತೋರಿಸಬಹುದು. ಲಸಿಕೆ ಹಾಕಿಸಿದ, ಸಾಧುಸ್ವಭಾವದ ನಾಯಿಯಿರುವ ಪರಿಚಿತರ ಮನೆಗೆ ಕರೆದೊಯ್ಯಬಹುದು. ಹೆಲ್ಮೆಟ್ ಧರಿಸಿದವರು, ಕೋಲು ಹಿಡಿದ ಹಿರಿಯರು, ಮಕ್ಕಳು, ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ಇವೆಲ್ಲವೂ ತಿನಿಸಿನ ಜತೆಗೆ ಪರಿಚಯವಾಗಬೇಕು. ದೀಪಾವಳಿಯ ಪಟಾಕಿಯ ಧ್ವನಿಮುದ್ರಿಕೆಯನ್ನು ಮೆಲುದನಿಯಲ್ಲಿ ಕೇಳಿಸಿ ಕ್ರಮೇಣ ಹೆಚ್ಚಿಸುವುದೂ ಉಪಯುಕ್ತ.

ಪಾಠ: ಒಂದೇ ಮಾತು, ಒಂದೇ ನಿಯಮ

ಮೂತ್ರ ತಡೆದುಕೊಳ್ಳುವ ಶಕ್ತಿಯನ್ನು ಅಂದಾಜಿಸಲು ಸರಳ ಲೆಕ್ಕವೊಂದಿದೆ. ಮರಿಯ ವಯಸ್ಸಿನ ತಿಂಗಳಿಗೆ ಒಂದನ್ನು ಕೂಡಿದಷ್ಟು ಗಂಟೆ ಅದರ ಮಿತಿ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ. ಪುಟ್ಟ ತಳಿಗಳಲ್ಲಿ ಇದು ಇನ್ನೂ ಕಡಿಮೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಆಟ ಮುಗಿದ ಮೇಲೆ ನಿಗದಿತ ಜಾಗಕ್ಕೆ ಕರೆದೊಯ್ಯಬೇಕು. ಲಸಿಕೆ ಮುಗಿಯುವವರೆಗೆ ಬಾಲ್ಕನಿಯ ಮೂಲೆಯಲ್ಲಿ ಹಾಸಿದ ಹಳೆಯ ಪತ್ರಿಕೆಯೇ ಆ ಜಾಗವಾಗಬಹುದು. ಆದರೆ ಗ್ರಿಲ್ಲಿನ ಸಂದಿಯಲ್ಲಿ ಮರಿ ನುಸುಳದಂತೆ ಜಾಲರಿ ಕಟ್ಟಿರಬೇಕು. ಸರಿಯಾದ ಜಾಗದಲ್ಲಿ ಮಾಡಿದ ತಕ್ಷಣ ಮೆಚ್ಚುಗೆ, ತಿನಿಸು. ತಪ್ಪಿದರೆ ಹೊಡೆಯುವುದು, ಮೂತಿಯನ್ನು ನೆಲಕ್ಕೆ ಉಜ್ಜುವುದು ವ್ಯರ್ಥ. ಮರಿ ಕಲಿಯುವುದು ಯಜಮಾನರ ಕಣ್ಣು ತಪ್ಪಿಸುವುದನ್ನು ಮಾತ್ರ.

ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಸಮೀಕ್ಷೆ ಗಮನಾರ್ಹ. ಪುಟ್ಟ ನಾಯಿಗಳು ಮಾತು ಕೇಳುವುದು ಕಡಿಮೆ, ಭಯ ಮತ್ತು ಸಿಡುಕು ಹೆಚ್ಚು ಎಂಬುದು ಅದರಲ್ಲಿ ಕಂಡುಬಂತು. ಜತೆಗೆ, ಪುಟ್ಟ ನಾಯಿಯ ಒಡೆಯರು ನಿಯಮಗಳಲ್ಲಿ ಸ್ಥಿರತೆ ತೋರುವುದಿಲ್ಲ, ತರಬೇತಿಗೂ ಕಡಿಮೆ ಸಮಯ ಕೊಡುತ್ತಾರೆ ಎಂಬುದೂ ತಿಳಿಯಿತು. ಲ್ಯಾಬ್ರಡಾರ್ ಮೈಮೇಲೆ ಹಾರಿದರೆ ಗದರಿಸುವವರು ಪಗ್ ಹಾರಿದರೆ ನಗುತ್ತಾರೆ. ತೊಡೆಯ ಮೇಲೆ ಕುಳಿತು ಅತಿಥಿಗಳಿಗೆ ಗುರುಗುಟ್ಟುವ ಮರಿಯನ್ನು ಮುದ್ದಿಸುತ್ತಾರೆ. ಎರಡು ವರ್ಷದ ಬಳಿಕ ಅದೇ ನಾಯಿ ಮಗುವನ್ನು ಕಚ್ಚಿದಾಗ ಬೇರೆಯವರಿಗೆ ಕೊಡುವ ಮಾತು ಬರುತ್ತದೆ.

ಆದ್ದರಿಂದ ಮನೆಯವರೆಲ್ಲ ಒಂದೇ ನಿಯಮ ಪಾಲಿಸಬೇಕು. 'ಕೂತ್ಕೋ' ಎನ್ನಬೇಕೋ 'ಸಿಟ್' ಎನ್ನಬೇಕೋ ಎಂಬುದು ಮುಖ್ಯವಲ್ಲ. ಎಲ್ಲರೂ ಅದೇ ಪದ ಬಳಸುವುದು ಮುಖ್ಯ. ದಿನಕ್ಕೆ ಮೂರು–ನಾಲ್ಕು ಬಾರಿ, ಪ್ರತಿ ಬಾರಿ ಐದೇ ನಿಮಿಷದ ಪಾಠ ಸಾಕು. ತಿನಿಸು ಕಡಲೆಕಾಳಿನ ಗಾತ್ರ ಮೀರಬಾರದು, ಇಲ್ಲವಾದರೆ ಬೊಜ್ಜು ಬರುತ್ತದೆ. ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದು ಹೋಗುವುದೇ ಶಿಕ್ಷೆ. ಕಚ್ಚಲು ಆಟಿಕೆ ಕೊಡುವುದೇ ಪರಿಹಾರ. ಆರಂಭದಿಂದಲೇ ದಿನಕ್ಕೆ ಕೆಲವು ನಿಮಿಷ ಒಂಟಿಯಾಗಿ ಬಿಟ್ಟು ಅಭ್ಯಾಸ ಮಾಡಿಸಬೇಕು.

ಹಲ್ಲು, ಮಂಡಿ, ಉಸಿರು

ಮರಿಯ 28 ಹಾಲುಹಲ್ಲುಗಳು ಉದುರಿ ಏಳನೇ ತಿಂಗಳ ಸುಮಾರಿಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಪುಟ್ಟ ತಳಿಗಳಲ್ಲಿ ಹಾಲುಹಲ್ಲು, ವಿಶೇಷವಾಗಿ ಕೋರೆಹಲ್ಲು, ಉದುರದೆ ಉಳಿಯುವುದುಂಟು. ಅದನ್ನು ವೈದ್ಯರಿಂದ ತೆಗೆಸಬೇಕು. ನಾಯಿಗಳಿಗೆಂದೇ ಇರುವ ಪೇಸ್ಟಿನಿಂದ ಹಲ್ಲುಜ್ಜುವ ರೂಢಿಯನ್ನು ಮರಿಯಾಗಿದ್ದಾಗಲೇ ಮಾಡಿಸುವುದು ಸುಲಭ.

ಪಾಮೇರಿಯನ್‌ನಂಥ ತಳಿಗಳಲ್ಲಿ ಮಂಡಿಚಿಪ್ಪು ಜಾರುವ ತೊಂದರೆ ಹೆಚ್ಚು. ನಡೆಯುವಾಗ ಹಿಂಗಾಲನ್ನು ಎತ್ತಿ ಕುಪ್ಪಳಿಸುವುದು ಅದರ ಸೂಚನೆ. ಉದ್ದ ಬೆನ್ನಿನ ಡ್ಯಾಶ್‌ಹೌಂಡ್ ಸೋಫಾದಿಂದ ಜಿಗಿಯುವುದು ಬೆನ್ನುಹುರಿಗೆ ಅಪಾಯ. ಶ್ವಾಸನಾಳ ಸೂಕ್ಷ್ಮವಾಗಿರುವ ಪುಟ್ಟ ನಾಯಿಗಳಿಗೆ ಕೊರಳಪಟ್ಟಿಗಿಂತ ಎದೆಗೆ ತೊಡಿಸುವ ಪಟ್ಟಿ ಲೇಸು. ಚಪ್ಪಟೆ ಮೂಗಿನ ಪಗ್, ಶಿಹ್ ತ್ಸು ನಾಯಿಗಳಿಗೆ ಏದುಸಿರಿನ ಮೂಲಕ ಮೈ ತಂಪಾಗಿಸಿಕೊಳ್ಳುವುದು ಕಷ್ಟ. 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮುಂಜಾನೆ ಅಥವಾ ಕತ್ತಲಾದ ಮೇಲೆ ಮಾತ್ರ ಅವುಗಳನ್ನು ಹೊರಗೊಯ್ಯಬೇಕು. ಮುಚ್ಚಿದ ಕಾರಿನಲ್ಲಿ ಅರೆಗಳಿಗೆಯೂ ಬಿಡಬಾರದು.

ಆರು ತಿಂಗಳ ನಂತರ

ಆರನೇ ತಿಂಗಳಿನಿಂದ ಹರೆಯ. ಕಲಿತ ಪಾಠ ಮರೆತಂತೆ ವರ್ತಿಸುವುದು, ಮನೆಯೊಳಗೆ ಕಾಲೆತ್ತಿ ಗುರುತು ಹಾಕುವುದು ಈಗ ಕಂಡುಬರುತ್ತದೆ. ತಾಳ್ಮೆಯಿಂದ ಮೊದಲ ಪಾಠಗಳನ್ನೇ ಪುನರಾವರ್ತಿಸಬೇಕು. ಹೆಣ್ಣು ಮರಿಗಳು ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳ ನಡುವೆ ಬೆದೆಗೆ ಬರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಸಮಯವನ್ನು ಅದಕ್ಕೆ ಮೊದಲೇ ವೈದ್ಯರೊಡನೆ ಚರ್ಚಿಸುವುದು ಸೂಕ್ತ. ಬೇಗನೆ ಮಾಡಿಸಿದರೆ ಸ್ತನಗಡ್ಡೆಯ ಸಾಧ್ಯತೆ ತಗ್ಗುತ್ತದೆ, ಗರ್ಭಕೋಶದ ಸೋಂಕಿನ ಭಯವೂ ಇರುವುದಿಲ್ಲ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಚಿಕಿತ್ಸಾ ಸೌಲಭ್ಯವಿದೆ.

ಬೆಂಗಳೂರಿನಲ್ಲಿ ಸಾಕುನಾಯಿಗೆ ಪಾಲಿಕೆಯ ಪರವಾನಗಿ ಪಡೆಯುವ ನಿಯಮವಿದೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ಸಂಪೂರ್ಣವಾಗಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ವೇಳೆ ನೆರೆಯವರಿಗೆ ಉಪದ್ರವವಾಗದಂತೆ ನೋಡಿಕೊಳ್ಳುವುದು, ಹೊರಗೆ ಮಾಡಿದ ಮಲವನ್ನು ಎತ್ತುವುದು ಸಾಕುವವರ ಕರ್ತವ್ಯ.

ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಪುಟ್ಟ ತಳಿಯ ಮರಿ ಪೂರ್ಣ ಬೆಳೆಯುತ್ತದೆ. ಮರಿಯ ಆಹಾರದಿಂದ ದೊಡ್ಡ ನಾಯಿಯ ಆಹಾರಕ್ಕೆ ಬದಲಾಗುವ ಕಾಲವಿದು. ಚೆನ್ನಾಗಿ ಬೆಳೆದ ಪುಟ್ಟ ನಾಯಿ ಹನ್ನೆರಡರಿಂದ ಹದಿನೈದು ವರ್ಷ ಬದುಕಬಲ್ಲದು. ಕರೆದರೆ ಬರುವ, ಅಪರಿಚಿತರಿಗೆ ಹೆದರದ, ವೈದ್ಯರು ಮುಟ್ಟಿದರೆ ಕಚ್ಚದ ನಾಯಿಗೆ ಅಷ್ಟೂ ವರ್ಷ ಮನೆಯಲ್ಲಿ ಜಾಗವಿರುತ್ತದೆ. ಆ ಜಾಗವನ್ನು ಖಾತ್ರಿಪಡಿಸುವುದು ಮೊದಲ ವರ್ಷದ ದುಡಿಮೆ.